ಥೆರಪಿ ಕೋಣೆಗೂ ಕನ್ನಡ ಬರಲಿ



ಕನ್ನಡ ಶಾಲೆಗೆ ಕನ್ನಡ ಬಲ್ಲ ಅಧ್ಯಾಪಕರು ಬೇಕು, ಪಂಚಾಯತಿನ ಅರ್ಜಿ ಕನ್ನಡದಲ್ಲಿ ಬೇಕು, ನಮ್ಮ ಊರುಗಳ ಹೆಸರನ್ನು ನಾವು ಕರೆಯುವ ಹಾಗೆಯೇ ಬರೆಯಬೇಕು. ಇದನ್ನೆಲ್ಲ ನಾವು ವರ್ಷಗಳಿಂದ ಕೇಳುತ್ತಾ ಬಂದಿದ್ದೇವೆ, ಇನ್ನೂ ಕೇಳುತ್ತೇವೆ. ಆ ಪಟ್ಟಿಗೆ ಇನ್ನೊಂದು ಸಾಲು ಸೇರಬೇಕು, ಅದೂ ಕೊನೆಯಲ್ಲಲ್ಲ, ಮೇಲೆಯೇ. ಆರೋಗ್ಯದ ತೊಂದರೆಯಿಂದ ಮಾತು, ಓದು ನಿಧಾನವಾಗಿರುವ ನಮ್ಮ ಸಣ್ಣ ಮಕ್ಕಳಿಗೆ ತಪಾಸಣೆ, ಥೆರಪಿ ಮತ್ತು ಮೊದಲ ಓದು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಸಿಗಬೇಕು.

ಯಾರು ಈ ಮಕ್ಕಳು? ಕಿವಿ ಸರಿ ಕೇಳಿಸದವರು, ದೃಷ್ಟಿ ಮಂದ ಇರುವವರು, ಅಪಸ್ಮಾರಕ್ಕೆ ದಿನಾ ಮದ್ದು ತೆಗೆದುಕೊಳ್ಳುವವರು, ಸೆರೆಬ್ರಲ್ ಪಾಲ್ಸಿ ಇರುವವರು, ಆಟಿಸಂ ಇರುವವರು, ಬುದ್ಧಿ ಚುರುಕಿದ್ದರೂ ಅಕ್ಷರ ಹತ್ತದ ಡಿಸ್ಲೆಕ್ಸಿಯಾ ಇರುವವರು. ಪ್ರತಿ ಊರಲ್ಲೂ ಇದ್ದಾರೆ, ನಮ್ಮ ಕುಟುಂಬಗಳಲ್ಲೂ ಇದ್ದಾರೆ.

ತೊಂದರೆ ಇಲ್ಲದ ಮಗು ಹೇಗಾದರೂ ದಾಟಿಕೊಳ್ಳುತ್ತದೆ. ಅಂಗನವಾಡಿಯಲ್ಲಿ ಟೀಚರ್ ಮಲಯಾಳ ಮಾತಾಡಿದರೆ ನಾಲ್ಕು ತಿಂಗಳು ಸುಮ್ಮನೆ ಕೂತು, ಐದನೇ ತಿಂಗಳಿಗೆ ತಾನೂ ಮಲಯಾಳ ಮಾತಾಡುತ್ತದೆ. ಆದರೆ ಕೇಳಿಸುವುದೇ ಅರ್ಧ ಇರುವ ಮಗುವಿಗೆ, ಒಂದು ಪದ ಕಲಿಯಲು ನೂರು ಸಲ ಕೇಳಬೇಕಾದ ಮಗುವಿಗೆ, ಮನೆಯಲ್ಲಿ ಒಂದು ಭಾಷೆ, ಥೆರಪಿಯಲ್ಲಿ ಇನ್ನೊಂದು ಭಾಷೆ ಅಂದರೆ ಎಂತ ಗತಿ? ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಥೆರಪಿಸ್ಟ್ ಕಲಿಸಿದ್ದನ್ನು ಉಳಿದ ದಿನವೆಲ್ಲ ಅಮ್ಮ, ಅಜ್ಜಿ ಮನೆಯಲ್ಲಿ ಮುಂದುವರಿಸಬೇಕು. ಅಮ್ಮನಿಗೆ ಆ ಚೀಟಿ ಓದಲಿಕ್ಕೇ ಬರದಿದ್ದರೆ ಥೆರಪಿ ಅಲ್ಲಿಗೇ ನಿಂತಿತು.

ಇಲ್ಲಿ ಎರಡು ಬಗೆಯ ಅನ್ಯಾಯ ಆಗುತ್ತದೆ.

ಮೊದಲನೆಯದು, ತೊಂದರೆ ಇಲ್ಲದ ಮಗುವಿಗೆ ಹಣೆಪಟ್ಟಿ. ತುಳುವೋ ಹವ್ಯಕವೋ ಮಾತಾಡುವ ಮನೆಯ ಮೂರು ವರ್ಷದ ಮಗುವಿಗೆ ಮಲಯಾಳದಲ್ಲಿ ಪ್ರಶ್ನೆ ಕೇಳುತ್ತಾರೆ. ಮಗು ಬಾಯಿ ಬಿಡುವುದಿಲ್ಲ. ‘ಮಾತು ತಡ’ ಅಂತ ಬರೆದಾಯಿತು.

ಎರಡನೆಯದು ಇದಕ್ಕಿಂತ ಕೆಟ್ಟದ್ದು. ನಿಜವಾಗಿಯೂ ಕಿವಿ ಮಂದ ಇರುವ ಮಗು ಸುಮ್ಮನೆ ಕೂತಿರುತ್ತದೆ. ಎಲ್ಲರೂ, ‘ಅವನಿಗೆ ಭಾಷೆ ಗೊತ್ತಿಲ್ಲವಲ್ಲ, ನಿಧಾನಕ್ಕೆ ಕಲೀತಾನೆ ಬಿಡಿ’ ಅನ್ನುತ್ತಾರೆ. ಹೀಗೆ ಎರಡು ವರ್ಷ ಹೋಗುತ್ತದೆ. ಮಾತು ಕಲಿಯುವ ವಯಸ್ಸಿನಲ್ಲಿ ಹೋದ ಎರಡು ವರ್ಷವನ್ನು ಯಾವ ಸರಕಾರವೂ ತಿರುಗಿ ಕೊಡಲಾರದು.

ಇವೆರಡನ್ನೂ ತಪ್ಪಿಸುವ ದಾರಿ ಒಂದೇ. ಮಗುವಿನ ಮಾತಿನ ತೊಂದರೆ ನಿಜವಾದರೆ ಅದು ಮನೆಭಾಷೆಯಲ್ಲೂ ಕಾಣಿಸುತ್ತದೆ. ಮನೆಯಲ್ಲಿ ಪಟಪಟ ಮಾತಾಡಿ ಅಂಗನವಾಡಿಯಲ್ಲಿ ಮಾತ್ರ ಮೌನವಾದರೆ ಅದು ಹೊಸ ಭಾಷೆಯ ಅಂಜಿಕೆ ಇರಬಹುದು. ಮನೆಯಲ್ಲೂ ಮಾತಿಲ್ಲ, ಹಿಂದಿನಿಂದ ಕರೆದರೆ ತಿರುಗುವುದಿಲ್ಲ, ಎರಡು ವರ್ಷ ತುಂಬಿದರೂ ಎರಡು ಪದ ಜೋಡಿಸುವುದಿಲ್ಲ ಅಂದರೆ ಕಾಯಬಾರದು, ಕಿವಿ ಪರೀಕ್ಷೆ ಆಗಲೇಬೇಕು. ಹಾಗಾಗಿ ತಪಾಸಣೆ ಮಾಡುವವರಿಗೆ ಮಗುವಿನ ಮನೆಭಾಷೆ ಗೊತ್ತಿರಬೇಕು. ಗೊತ್ತಿರುವವರನ್ನು ಜತೆಗೆ ಕೂರಿಸಿಕೊಂಡರೂ ಆದೀತು.

ಇನ್ನೊಂದು ಮಾತು ತಂದೆತಾಯಿಯರ ಕಿವಿಗೆ ಬೀಳುತ್ತಲೇ ಇರುತ್ತದೆ: ‘ಮನೆಯಲ್ಲಿ ಎರಡೆರಡು ಭಾಷೆ ಮಾತಾಡಿ ಮಗುವಿಗೆ ಗೊಂದಲ ಮಾಡಬೇಡಿ, ಮಲಯಾಳ ಒಂದೇ ಮಾತಾಡಿ.’ ದಯವಿಟ್ಟು ಇದನ್ನು ನಂಬಬೇಡಿ. ಎರಡು ಭಾಷೆ ಕೇಳಿದ್ದರಿಂದ ಮಾತಿನ ತೊಂದರೆ ಹುಟ್ಟುವುದಿಲ್ಲ, ಆಟಿಸಂ ಬರುವುದಿಲ್ಲ. ಅಮ್ಮ ತನಗೆ ಸರಿ ಬಾರದ ಭಾಷೆಯಲ್ಲಿ ಮಾತಾಡಲು ಹೊರಟರೆ ಮಾತೇ ಕಡಿಮೆಯಾಗುತ್ತದೆ. ‘ಬಾ’, ‘ಕೂರು’, ‘ತಿನ್ನು’ ಅಷ್ಟಕ್ಕೆ ನಿಲ್ಲುತ್ತದೆ. ಕತೆ ಇಲ್ಲ, ಲಾಲಿ ಇಲ್ಲ, ತಮಾಷೆ ಇಲ್ಲ. ಮಾತು ಕಲಿಯಬೇಕಾದ ಮಗುವಿಗೆ ಸಿಗುವ ಮಾತನ್ನೇ ಕಿತ್ತುಕೊಂಡ ಹಾಗಾಯಿತು.

ಈಗ ಓದಿನ ವಿಷಯ. ಕನ್ನಡ ಅಕ್ಷರ ಕಲಿಯುವುದು ಇಂಗ್ಲಿಷಿನ 26 ಅಕ್ಷರ ಕಲಿತ ಹಾಗಲ್ಲ. 34 ವ್ಯಂಜನಗಳ ಕಾಗುಣಿತವೇ 400 ದಾಟುತ್ತದೆ, ಮೇಲಿಂದ ಒತ್ತಕ್ಷರ. ಕನ್ನಡ ಮಕ್ಕಳ ಮೊದಲ ಓದಿನ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಇದನ್ನೇ ಹೇಳುತ್ತದೆ: ಅಕ್ಷರ ಕಲಿಕೆ ಒಂದನೇ ಕ್ಲಾಸಿಗೆ ಮುಗಿಯುವುದಿಲ್ಲ, ಪ್ರಾಥಮಿಕ ಶಾಲೆಯ ಮೇಲಿನ ಕ್ಲಾಸುಗಳವರೆಗೂ ನಡೆಯುತ್ತಲೇ ಇರುತ್ತದೆ. ಇದು ಗೊತ್ತಿಲ್ಲದವರು ಎರಡನೇ ಕ್ಲಾಸಿನ ಮಗು ಒತ್ತಕ್ಷರದಲ್ಲಿ ತಡವರಿಸಿದ ಕೂಡಲೇ ‘ಕಲಿಕಾ ನ್ಯೂನತೆ’ ಅನ್ನಬಹುದು. ನಾಲ್ಕನೇ ಕ್ಲಾಸಿನಲ್ಲೂ ಸರಳ ಅಕ್ಷರ ಕೂಡದ ಮಗುವನ್ನು ‘ಕನ್ನಡ ಕಷ್ಟವಲ್ವಾ’ ಅಂತ ಬಿಟ್ಟುಬಿಡಲೂಬಹುದು. ಕನ್ನಡದಲ್ಲಿ ಓದುವ ಮಗುವಿನ ಓದನ್ನು ಕನ್ನಡದಲ್ಲೇ ಅಳೆಯಬೇಕು. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡಕ್ಕೆಂದೇ ಬೆಳೆಸಿದ ಪರೀಕ್ಷೆಗಳುಂಟು. ಅವು ತಲಪಾಡಿ ದಾಟಿ ಈಚೆ ಬರಬೇಕು.

ಮಗುವನ್ನು ‘ದಡ್ಡ’ ಅನ್ನುವ ಮೊದಲು ಮೂರು ವಿಷಯ ನೋಡಿ. ಪದೇಪದೇ ಕಿವಿ ಸೋರುವ ಮಗುವಿಗೆ ‘ಪ’ ಮತ್ತು ‘ಬ’ ಒಂದೇ ಥರ ಕೇಳಿಸಬಹುದು. ಪುಸ್ತಕವನ್ನು ಮೂಗಿಗೆ ಹಿಡಿಯುವ ಮಗುವಿಗೆ ಒಂದು ಕನ್ನಡಕ ಸಾಕಾಗಬಹುದು. ಪಾಠದ ನಡುವೆ ಕೆಲವು ಸೆಕೆಂಡು ಕಣ್ಣು ನೆಟ್ಟು, ಕರೆದರೂ ಓಗೊಡದೆ ಕೂರುವ ಮಗು ಕನಸು ಕಾಣುತ್ತಿದೆ ಅಂತ ಬೈಯಬೇಡಿ. ಅಪಸ್ಮಾರದ ಒಂದು ಬಗೆ ಹಾಗೆಯೇ ಇರುತ್ತದೆ, ಮದ್ದು ಉಂಟು. ಈ ಮೂರನ್ನೂ ಗುರುತಿಸಿ ಶುಶ್ರೂಷೆ ಮಾಡಿದರೆ ಎಷ್ಟೋ ಮಕ್ಕಳ ಓದು ಸುಧಾರಿಸುತ್ತದೆ.

ಕಾಸರಗೋಡಿಗೆ ಈ ವಿಷಯ ಹೊಸತಲ್ಲ. ಎಪ್ಪತ್ತರ ದಶಕದ ಕೊನೆಯಿಂದ 2000ದವರೆಗೆ ಪ್ಲಾಂಟೇಶನ್ ಕಾರ್ಪೊರೇಶನ್ನಿನ ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ಎಣ್ಮಕಜೆ, ಕುಂಬ್ಡಾಜೆ, ಬೆಳ್ಳೂರು, ಬದಿಯಡ್ಕ, ಕಾರಡ್ಕ, ಮುಳಿಯಾರು ಸೇರಿ 11 ಪಂಚಾಯತುಗಳು ಬಾಧಿತ ಅಂತ ಸರಕಾರವೇ ಒಪ್ಪಿತು. ಇವುಗಳಲ್ಲಿ ಹಲವು ಕನ್ನಡ, ತುಳು ಮಾತಾಡುವ ಊರುಗಳು. ವಾಣಿನಗರದ ಡಾ. ವೈ. ಎಸ್. ಮೋಹನ ಕುಮಾರ್ ತಮ್ಮಲ್ಲಿಗೆ ಬಂದವರ ಮಾತು ಕೇಳಿ ಕೇಳಿ ‘ಇಲ್ಲಿ ಏನೋ ಆಗುತ್ತಿದೆ’ ಅಂತ ಗುರುತಿಸಿದರು. ಶ್ರೀಪಡ್ರೆಯವರು ಬರೆದು ಹೊರಗೆ ತಂದರು. ರೋಗಿಯ ಮಾತು ಅರ್ಥವಾಗುವವರು ಊರಲ್ಲೇ ಇದ್ದದ್ದರಿಂದ ಅದು ಬೆಳಕಿಗೆ ಬಂತು, ಮರೆಯಬೇಡಿ. 2011ರ ಮೇ 13ರಂದು ಸುಪ್ರೀಂ ಕೋರ್ಟು ದೇಶಕ್ಕೇ ನಿಷೇಧ ಹಾಕಿತು. 2017ರ ಜನವರಿ 10ರಂದು ಬಾಧಿತರಿಗೆ ತಲಾ 5 ಲಕ್ಷ ರೂಪಾಯಿ ಕೊಡಲು ಹೇಳಿತು. ಪರಿಹಾರಕ್ಕಾಗಿ ತಾಯಂದಿರು ಸೆಕ್ರೆಟರಿಯೇಟಿನ ಎದುರು ಕೂತದ್ದೂ ನಮಗೆ ಗೊತ್ತುಂಟು. ಪಂಚಾಯತುಗಳ ಬಡ್ಸ್ ಶಾಲೆಗಳು ಬಂದವು, ಒಳ್ಳೆಯದೇ. ಕಟ್ಟಡ ಬಂತು, ವಾಹನ ಬಂತು. ಆ ಕೋಣೆಯೊಳಗೆ ಮಗುವಿಗೆ ತೋರಿಸುವ ಚಿತ್ರದ ಕೆಳಗೆ ಯಾವ ಭಾಷೆಯ ಪದ ಉಂಟು, ಹಾಡು ಯಾವ ಭಾಷೆಯದ್ದು ಅಂತ ಕೇಳುವುದು ನಮ್ಮ ಕೆಲಸ.

ಕಾನೂನು ನಮ್ಮ ಪರವೇ ಉಂಟು. ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸುವ ಏರ್ಪಾಡು ಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಅಲ್ಲಿ ‘ಆರೋಗ್ಯವಂತ ಮಕ್ಕಳಿಗೆ ಮಾತ್ರ’ ಅಂತ ಬರೆದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಗುರುತಿಸಿದೆ. ಮಾತಿನ ತೊಂದರೆಯೂ ಕಲಿಕಾ ನ್ಯೂನತೆಯೂ ಅದರೊಳಗೇ ಉಂಟು. ಐದು ವರ್ಷಕ್ಕೊಮ್ಮೆ ಶಾಲಾ ಮಕ್ಕಳ ಸಮೀಕ್ಷೆ ಮಾಡಬೇಕೆಂದೂ ಅದು ಹೇಳುತ್ತದೆ. ಆರ್‌ಬಿಎಸ್‌ಕೆ ಯೋಜನೆ 2013ರಿಂದ ಉಂಟು: 18 ವರ್ಷದವರೆಗಿನ ಮಕ್ಕಳ ತಪಾಸಣೆ, ತೊಂದರೆ ಕಂಡರೆ ಜಿಲ್ಲಾ ಕೇಂದ್ರಕ್ಕೆ ಕಳಿಸುವುದು. ಕೇರಳದ ಶ್ರುತಿತರಂಗಂ ಯೋಜನೆಯಲ್ಲಿ ಐದು ವರ್ಷದವರೆಗಿನ ಕಿವುಡು ಮಕ್ಕಳಿಗೆ ಕಾಕ್ಲಿಯರ್ ಇಂಪ್ಲಾಂಟ್ ಉಚಿತ. ಯಂತ್ರ ಒಳ್ಳೆಯದೇ, ಆದರೆ ಅದು ಶಬ್ದವನ್ನಷ್ಟೇ ಕೊಡುತ್ತದೆ. ಆ ಶಬ್ದ ಮಾತಾಗಲು ಮನೆಮಂದಿಯ ಭಾಷೆಯೇ ಬೇಕು.

ಇದಕ್ಕೆ ಬರುವ ಆಕ್ಷೇಪಗಳೂ ಗೊತ್ತುಂಟು. ‘ಕೇರಳದಲ್ಲಿ ಬದುಕಬೇಕಾದ ಮಗು, ಮಲಯಾಳ ಬೇಡವಾ?’ ಬೇಕು ಮಾರಾಯ್ರೆ, ಖಂಡಿತ ಬೇಕು. ಮೊದಲ ಭಾಷೆ ಗಟ್ಟಿಯಾದರೆ ಎರಡನೆಯದು ಅದರ ಮೇಲೆ ನಿಲ್ಲುತ್ತದೆ. ‘ಮನೆಯಲ್ಲಿ ತುಳುವಲ್ಲವೇ, ಕನ್ನಡ ಎಲ್ಲಿಂದ ಬಂತು?’ ಸರಿಯಾದ ಪ್ರಶ್ನೆ. ಹಾಗಿದ್ದರೆ ಮಾತಿನ ಥೆರಪಿ ತುಳುವಿನಲ್ಲೇ ಆಗಲಿ, ಓದು ಅವರು ಶಾಲೆಯಲ್ಲಿ ಕಲಿಯುವ ಕನ್ನಡದಲ್ಲಿ ಆಗಲಿ. ಹವ್ಯಕ, ಕರಾಡ, ಕೊಂಕಣಿ, ಬ್ಯಾರಿ ಯಾವುದೇ ಇರಲಿ, ಮಗುವಿನ ಭಾಷೆಗೇ ಮೊದಲ ಜಾಗ. ‘ಕನ್ನಡ ಬಲ್ಲ ಥೆರಪಿಸ್ಟರು ಎಲ್ಲಿದ್ದಾರೆ?’ ಐವತ್ತು ಕಿಲೋಮೀಟರ್ ಆಚೆ ಮಂಗಳೂರಿನ ಕಾಲೇಜುಗಳಲ್ಲಿ ಪ್ರತಿ ವರ್ಷ ಕಲಿತು ಹೊರಬರುತ್ತಾರೆ. ಕಾಸರಗೋಡಿನಲ್ಲಿ ಕನ್ನಡ, ಮಲಯಾಳ ಎರಡೂ ಬಲ್ಲವರಿಗೆಂದೇ ಗುಮಾಸ್ತ ಹುದ್ದೆಗೆ ಪಿಎಸ್‌ಸಿ ಅರ್ಜಿ ಕರೆಯುತ್ತದೆ. ಫೈಲು ಬರೆಯಲು ಕನ್ನಡ ಬಲ್ಲವರು ಬೇಕು, ಮಾತು ಬಾರದ ಮಗುವಿಗೆ ಬೇಡವೇ?

‘ಬೇಕಾದವರು ಮಂಗಳೂರಿಗೆ ಹೋಗಲಿ’ ಅನ್ನುವವರಿಗೆ ಒಂದೇ ಉತ್ತರ: 2020ರ ಮಾರ್ಚಿನಲ್ಲಿ ತಲಪಾಡಿಯ ಗಡಿ ಮುಚ್ಚಿದಾಗ ಆಂಬ್ಯುಲೆನ್ಸುಗಳ ಗತಿ ಏನಾಯಿತು, ನೆನಪಿಸಿಕೊಳ್ಳಿ. ಕೂಲಿ ಬಿಟ್ಟು, ಮಗುವನ್ನು ಎತ್ತಿಕೊಂಡು, ಎರಡು ಬಸ್ಸು ಬದಲಿಸಿ ವಾರವಾರ ಹೋಗಲು ಎಷ್ಟು ಮನೆಯವರಿಗೆ ಆದೀತು?

ನಮ್ಮ ಬೇಡಿಕೆಗಳು ಇಷ್ಟು:

1. ಕಾಸರಗೋಡಿನ ಕನ್ನಡ ಪ್ರದೇಶದಲ್ಲಿ ಸ್ಪೀಚ್ ಥೆರಪಿಸ್ಟ್, ವಿಶೇಷ ಶಿಕ್ಷಕ ಹುದ್ದೆಗಳಲ್ಲಿ ಕೆಲವನ್ನಾದರೂ ಕನ್ನಡ ಬಲ್ಲವರಿಗೆ ಮೀಸಲಿಡಬೇಕು.
2. ಅಂಗನವಾಡಿ ಮತ್ತು ಆರ್‌ಬಿಎಸ್‌ಕೆ ತಪಾಸಣೆಯ ಪ್ರಶ್ನೆಗಳು ಕನ್ನಡ, ತುಳುವಿನಲ್ಲೂ ಇರಬೇಕು. ಮಗುವಿನ ಮನೆಭಾಷೆ ಯಾವುದೆಂದು ಫಾರ್ಮಿನಲ್ಲಿ ಬರೆಯಬೇಕು.
3. ಮನೆಯಲ್ಲಿ ಮಾಡಿಸುವ ಅಭ್ಯಾಸದ ಚೀಟಿ, ಮದ್ದಿನ ಸೂಚನೆ ಕನ್ನಡದಲ್ಲಿ ಕೊಡಬೇಕು.
4. ಕನ್ನಡ ಮಾಧ್ಯಮದ ಮಗುವಿನ ಕಲಿಕಾ ನ್ಯೂನತೆಯನ್ನು ಕನ್ನಡ ಪರೀಕ್ಷೆಯಿಂದಲೇ ನಿರ್ಧರಿಸಬೇಕು. ಪರೀಕ್ಷೆ ಬರೆದುಕೊಡುವ ಸಹಾಯಕನಿಗೆ ಕನ್ನಡ ಬರೆಯಲು ಬರಬೇಕು.
5. ಬಡ್ಸ್ ಶಾಲೆಗಳಿಗೆ ಕನ್ನಡದ ಚಿತ್ರಪುಸ್ತಕ, ಚಿತ್ರಫಲಕ ಒದಗಿಸಲು ಕರ್ನಾಟಕ ಗಡಿ ಪ್ರದೇಶ ಅಭಿವೃದ್ಧಿ ಪ್ರಾಧಿಕಾರ ಮುಂದೆ ಬರಬೇಕು. ಉತ್ಸವಕ್ಕೆ ಕೊಡುವ ಹಣದಲ್ಲಿ ಒಂದು ಪಾಲು ಇದಕ್ಕೂ ಸಲ್ಲಲಿ.

ಜತ್ತ, ಅಕ್ಕಲಕೋಟೆಯ ಬಂಧುಗಳೇ, ಅಲ್ಲಿ ಮಲಯಾಳದ ಜಾಗದಲ್ಲಿ ಮರಾಠಿ ಅಂತ ಓದಿಕೊಳ್ಳಿ. ತಾಳವಾಡಿ, ಹೊಸೂರಿನವರು ತಮಿಳು ಅಂತ, ಆದೋನಿ, ಮಡಕಶಿರದವರು ತೆಲುಗು ಅಂತ ಓದಿಕೊಳ್ಳಿ. ಆರ್‌ಬಿಎಸ್‌ಕೆ ಯೋಜನೆ, 2016ರ ಕಾಯ್ದೆ, 350ಎ ವಿಧಿ ಎಲ್ಲವೂ ನಿಮಗೂ ಅನ್ವಯಿಸುತ್ತವೆ. ನಿಮ್ಮಲ್ಲಿ ಹೇಗೆ ನಡೆಯುತ್ತಿದೆ ಎಂದು ಕಮೆಂಟಿನಲ್ಲಿ ತಿಳಿಸಿ.

ಸರಕಾರ ಮಾಡುವವರೆಗೆ ಕೈಕಟ್ಟಿ ಕೂರುವುದೂ ಬೇಡ. ಮಗು ಮಾತಾಡದಿದ್ದರೂ ನೀವು ಮಾತಾಡಿ: ಮೀಯಿಸುವಾಗ, ಉಣಿಸುವಾಗ, ಅಂಗಳ ಗುಡಿಸುವಾಗ. ಹಾಸಿಗೆ ಹಿಡಿದ ಮಗುವಿಗೂ ದಿನಾ ಹತ್ತು ನಿಮಿಷ ಪುಸ್ತಕ ಓದಿ ಹೇಳಿ. ಕೈ ಆಡದ ಮಗು ಕಣ್ಣಿನಿಂದ ಚಿತ್ರ ತೋರಿಸಬಲ್ಲದು. ನೀರು, ಅನ್ನ, ನೋವು, ಸಾಕು, ಅಮ್ಮ ಎಂಬ ಐದು ಚಿತ್ರ ರಟ್ಟಿಗೆ ಅಂಟಿಸಿ, ಕೆಳಗೆ ದಪ್ಪ ಅಕ್ಷರದಲ್ಲಿ ಕನ್ನಡದಲ್ಲಿ ಬರೆಯಿರಿ. ಸ್ಟೋರಿವೀವರ್ ಜಾಲತಾಣದಲ್ಲಿ ಸಣ್ಣ ಮಕ್ಕಳ ಕನ್ನಡ ಪುಸ್ತಕಗಳು ಉಚಿತವಾಗಿ ಸಿಗುತ್ತವೆ, ಮೊಬೈಲಲ್ಲೇ ಅಕ್ಷರ ದೊಡ್ಡದು ಮಾಡಿ ಓದಬಹುದು. ನಿಮ್ಮ ಊರಿನ ಗ್ರಂಥಾಲಯ, ಭಜನಾ ಮಂದಿರ, ಯುವಕ ಮಂಡಲದವರು ವಾರಕ್ಕೊಮ್ಮೆ ಇಂಥ ಒಂದು ಮನೆಗೆ ಹೋಗಿ ಕತೆ ಓದಿ ಬಂದರೆ ಅದೂ ಕನ್ನಡದ ಕೆಲಸವೇ.

ಮುಂದಿನ ಗ್ರಾಮಸಭೆಯಲ್ಲಿ ಒಬ್ಬರಾದರೂ ಎದ್ದು ನಿಂತು ಕೇಳಿ: ‘ನಮ್ಮ ಪಂಚಾಯತಿನ ವಿಶೇಷ ಮಕ್ಕಳಿಗೆ ಯಾವ ಭಾಷೆಯಲ್ಲಿ ಕಲಿಸುತ್ತಿದ್ದೀರಿ?’ ಕೊಟ್ಟ ಉತ್ತರವನ್ನು ದಾಖಲೆ ಪುಸ್ತಕದಲ್ಲಿ ಬರೆಸಿ. ಅದರ ಫೋಟೋ ನಮಗೂ ಕಳಿಸಿ.