ಕಲ್ಲು ತೆಗೆಸಿದ್ದಾಯ್ತು, ಸ್ಟೆಂಟ್ ತೆಗೆಸಿದ್ರಾ?

ಸಿಂಧನೂರು: ರಾಯಚೂರು ಜಿಲ್ಲೆಯಲ್ಲಿ ಬಿಸಿಲು 40 ಡಿಗ್ರಿ ದಾಟಿದರೆ ಅಂಗಡಿ ಕಟ್ಟೆಗಳಲ್ಲಿ ಕಿಡ್ನಿ ಸ್ಟೋನ್ ಮಾತು ಶುರುವಾಗುತ್ತೆ. ಶಟರ್ ಎತ್ತಿದಾಗಿನಿಂದ ರಾತ್ರಿವರೆಗೂ ಗಲ್ಲಾ ಬಿಟ್ಟು ಏಳದ ವ್ಯಾಪಾರಿ, ಗದ್ದೆಯಲ್ಲಿ ದುಡಿಯೋ ರೈತ, ಇಬ್ಬರದೂ ಒಂದೇ ಕಥೆ: ಬೆವರು ಜಾಸ್ತಿ, ಕುಡಿಯೋ ನೀರು ಕಡಿಮೆ. ಬೋರ್‌ವೆಲ್ ನೀರನ್ನ ಬೈಯೋರು ಬಹಳ. ಆದರೆ ಸಾಕಷ್ಟು ನೀರು ಕುಡಿಯದಿರುವುದೇ ದೊಡ್ಡ ಕಾರಣ. ಊಟದಲ್ಲಿ ಉಪ್ಪು ಹೆಚ್ಚಾದರೂ ಕಲ್ಲಿಗೆ ದಾರಿ.

ಎಲ್ಲ ಕಲ್ಲಿಗೂ ಆಪರೇಷನ್ ಬೇಕಿಲ್ಲ. 5 ಮಿ.ಮೀ.ಗಿಂತ ಚಿಕ್ಕವು ಬಹುತೇಕ ಮೂತ್ರದಲ್ಲಿ ತಾವಾಗೇ ಹೋಗ್ತವೆ. ದೊಡ್ಡದಾದರೆ ಹೊರಗಿನಿಂದ ಶಾಕ್‌ವೇವ್ ಕೊಟ್ಟು ಒಡೀತಾರೆ, ಇಲ್ಲವೇ ಮೂತ್ರದ ದಾರಿಯಲ್ಲೇ ದುರ್ಬೀನು ಹಾಕಿ ಲೇಸರ್‌ನಿಂದ ಪುಡಿ ಮಾಡ್ತಾರೆ. ಕಿಡ್ನಿಯಲ್ಲೇ 20 ಮಿ.ಮೀ. ಮೀರಿದ ಕಲ್ಲಿದ್ದರೆ ಸಾಮಾನ್ಯವಾಗಿ ಬೆನ್ನಲ್ಲಿ ಸಣ್ಣ ರಂಧ್ರ ಮಾಡಿ ತೆಗೀತಾರೆ. ನೋವಿನ ಜೊತೆ ಚಳಿಜ್ವರ ಬಂದರೆ ಅಥವಾ ಮೂತ್ರ ನಿಂತರೆ ಮಾತ್ರ ಒಂದು ರಾತ್ರಿಯೂ ಕಾಯಬೇಡಿ. ಅದು ಜೀವಕ್ಕೇ ಅಪಾಯ.

ತಾಲೂಕು ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಮೂತ್ರರೋಗ ತಜ್ಞರು ಇರಲ್ಲ. ಹಾಗಾಗಿ ನಮ್ಮವರು ಹುಬ್ಬಳ್ಳಿ, ಬೆಂಗಳೂರು, ಹೈದರಾಬಾದ್ ಅಂತ ಓಡಾಡ್ತಾರೆ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ ಇದೆ. ತುರ್ತಲ್ಲದ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವ ಮೊದಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಮಾಡಿಸಿಕೊಳ್ಳಿ. ಪತ್ರ ಇಲ್ಲದೆ ಹೋಗಿ ಕೈಯಿಂದ ದುಡ್ಡು ಕಟ್ಟಿದ ಮೇಲೆ ಕೊರಗಿ ಫಲವಿಲ್ಲ.

ನಿಜವಾದ ಸಮಸ್ಯೆ ಶುರುವಾಗೋದು ಊರಿಗೆ ಬಂದ ಮೇಲೆ. ಆಪರೇಷನ್ ಆದಮೇಲೆ ಎಷ್ಟೋ ಜನರಿಗೆ ಕಿಡ್ನಿಯಿಂದ ಮೂತ್ರಕೋಶದವರೆಗೆ ತೆಳ್ಳನೆ ನಳಿಗೆ, ಅಂದರೆ ಡಿಜೆ ಸ್ಟೆಂಟ್ ಇಟ್ಟಿರ್ತಾರೆ. ಸಾಮಾನ್ಯವಾಗಿ ಕೆಲವೇ ವಾರಗಳಲ್ಲಿ ಅದನ್ನ ತೆಗೆಸಬೇಕು. ನೋವು ಹೋಯ್ತಲ್ಲ ಅಂತ ಸುಮ್ಮನಾದರೆ, ಬಸ್ ಖರ್ಚು, ಒಂದು ದಿನದ ವ್ಯಾಪಾರ ನಷ್ಟ ಅಂತ ಮುಂದೂಡಿದರೆ, ತಿಂಗಳು ಕಳೆದಂತೆ ಸ್ಟೆಂಟ್ ಮೇಲೇ ಕಲ್ಲು ಕಟ್ಟುತ್ತೆ, ಸೋಂಕಾಗುತ್ತೆ, ಕೊನೆಗೆ ಕಿಡ್ನಿಯೇ ಕೆಡಬಹುದು. ಸಮಯಕ್ಕೆ ಹೋದರೆ ಕೆಲವೇ ನಿಮಿಷದ ಕೆಲಸ. ತಡವಾದರೆ ಮತ್ತೆ ದೊಡ್ಡ ಆಪರೇಷನ್.

ಇದನ್ನ ರೋಗಿಯ ನೆನಪಿಗಷ್ಟೇ ಬಿಡೋದು ಸರಿಯಲ್ಲ. ಡಿಸ್ಚಾರ್ಜ್ ಚೀಟಿಯಲ್ಲಿ ಸ್ಟೆಂಟ್ ತೆಗೆಸೋ ತಾರೀಖನ್ನ ದಪ್ಪಕ್ಷರದಲ್ಲಿ, ಕನ್ನಡದಲ್ಲೇ ಬರೆಯಬೇಕು. ಆ ಪಟ್ಟಿ ತಾಲೂಕು ಆಸ್ಪತ್ರೆಗೂ ಬಂದರೆ ಆಶಾ ಕಾರ್ಯಕರ್ತೆಯರಿಂದ ಒಂದು ಫೋನ್ ಮಾಡಿಸಬಹುದು. ಇದಕ್ಕೆ ಹೊಸ ಕಟ್ಟಡವೂ ಬೇಡ, ಮೆಷಿನ್ನೂ ಬೇಡ. ಅಲ್ಲಿವರೆಗೆ ನಿಮ್ಮ ಮನೇಲಿ ಯಾರಿಗಾದರೂ ಕಲ್ಲಿನ ಆಪರೇಷನ್ ಆಗಿದ್ದರೆ ಇವತ್ತೇ ಚೀಟಿ ತೆಗೆದು ನೋಡಿ. ಅನುಮಾನ ಇದ್ದರೆ ಒಂದು ಎಕ್ಸ್‌ರೇ ಸಾಕು, ಸ್ಟೆಂಟ್ ಇದ್ದರೆ ಕಾಣುತ್ತೆ.