ಗಣಕಯಂತ್ರದ ಸವಾಲು ಮತ್ತು ರೈತನ ‘ಒಲ್ಲೆ’

ಹರಾಜು ಗಣಕಯಂತ್ರದೊಳಗೆ ಹೋದಂದಿನಿಂದ ಪೇಟೆಯ ಮೋಸ ನಿಂತಿತೆಂದು ಒಂದು ಪಕ್ಷ. ಯಂತ್ರ ಬಂದರೂ ದಲಾಲ ಮೊದಲಿದ್ದಲ್ಲಿಯೇ ಇದ್ದಾನೆಂದು ಇನ್ನೊಂದು ಪಕ್ಷ. ಚಿಕ್ಕೋಡಿಯ ಚಹಾ ಅಂಗಡಿಗಳಲ್ಲಿಯೂ ನಮ್ಮ ಕಾಲೇಜಿನ ಕಟ್ಟೆಯ ಮೇಲೆಯೂ ಈ ವಾದವನ್ನು ಬೇಕಾದಷ್ಟು ಸಲ ಕೇಳಬಹುದು. ಎರಡೂ ಪಕ್ಷದವರು ಒಂದು ಪ್ರಶ್ನೆಯನ್ನು ಮರೆಯುತ್ತಾರೆಂದು ನನ್ನ ಅಭಿಪ್ರಾಯ. ಬಂದ ಬೆಲೆ ಸಾಲದೆಂದು ತೋರಿದಾಗ ‘ಒಲ್ಲೆ’ ಎನ್ನುವ ಶಕ್ತಿ ಮಾರುವವನಿಗೆ ಇದೆಯೆ?

ಹಿಂದಿನ ಕಾಲದಲ್ಲಿ ವ್ಯಾಪಾರಿಯೂ ದಲಾಲನೂ ವಲ್ಲಿಯ ಕೆಳಗೆ ಕೈ ಹಿಡಿದು ಬೆರಳಿನ ಸನ್ನೆಯಿಂದ ಬೆಲೆ ಕುದುರಿಸುತ್ತಿದ್ದರು. ಮಾಲಿನ ಒಡೆಯನು ಪಕ್ಕದಲ್ಲಿಯೇ ನಿಂತಿದ್ದರೂ ತನ್ನ ಮಾಲಿಗೆ ಯಾರು ಎಷ್ಟು ಕೇಳಿದರೆಂಬುದು ಅವನಿಗೆ ತಿಳಿಯುತ್ತಿರಲಿಲ್ಲ. ನಮ್ಮ ಸೀಮೆ 1956ರವರೆಗೆ ಮುಂಬಯಿ ಪ್ರಾಂತಕ್ಕೆ ಸೇರಿದ್ದುದರಿಂದ ಇಲ್ಲಿಗೆ 1939ರ ಮುಂಬಯಿ ಕಾಯಿದೆಯೂ, ಏಕೀಕರಣದ ತರುವಾಯ 1966ರ ಮೈಸೂರು ರಾಜ್ಯದ ಮಾರುಕಟ್ಟೆ ಕಾಯಿದೆಯೂ ಅನ್ವಯಿಸಿದವು. ಕಟ್ಟೆಯ ಮೇಲೆ ನಿಂತು ಎಲ್ಲರೂ ಕೇಳುವಂತೆ ಕೂಗುವ ಬಹಿರಂಗ ಸವಾಲು ಬಂದಿತು. ಆದರೆ ಕೂಗುವವರು ನಾಲ್ಕೇ ಜನ, ಅವರೂ ಬೆಳಗ್ಗೆ ಒಟ್ಟಿಗೆ ಚಹಾ ಕುಡಿದವರು ಎಂದಾದರೆ ಬಹಿರಂಗದಿಂದ ಏನು ಫಲ?

2014ರಲ್ಲಿ ನಮ್ಮ ರಾಜ್ಯ ಸರಕಾರವು ಖಾಸಗಿ ವಿನಿಮಯ ಕೇಂದ್ರವೊಂದರೊಡನೆ ಕೂಡಿ ರಾಷ್ಟ್ರೀಯ ಇ-ಮಾರುಕಟ್ಟೆ ಸೇವೆಗಳ ಸಂಸ್ಥೆಯನ್ನು ಕಟ್ಟಿತು. 2016ರ ಏಪ್ರಿಲ್ 14ರಂದು ಕೇಂದ್ರ ಸರಕಾರದ ‘ಇ-ನಾಮ್’ ಆರಂಭವಾಯಿತು. ಈಗಿನ ಕ್ರಮ ಹೀಗಿದೆ: ಗೇಟಿನಲ್ಲಿಯೇ ಮಾಲಿನ ರಾಶಿಗೆ ಒಂದು ಸಂಖ್ಯೆ ಬೀಳುತ್ತದೆ, ವ್ಯಾಪಾರಿಗಳು ಮಾಲು ನೋಡಿ ಗೊತ್ತಾದ ವೇಳೆಯೊಳಗೆ ಗಣಕಯಂತ್ರದಲ್ಲಿಯೋ ಮೊಬೈಲಿನಲ್ಲಿಯೋ ತಮ್ಮ ತಮ್ಮ ದರ ನಮೂದಿಸುತ್ತಾರೆ, ವೇಳೆ ಮುಗಿದೊಡನೆ ಎಲ್ಲಕ್ಕಿಂತ ಹೆಚ್ಚಿನ ದರ ಪ್ರಕಟವಾಗುತ್ತದೆ. ಒಬ್ಬನ ದರ ಇನ್ನೊಬ್ಬನಿಗೆ ಕಾಣದು. ಒಂದು ರೀತಿಯಲ್ಲಿ ಬೆಲೆ ಮತ್ತೆ ವಲ್ಲಿಯ ಕೆಳಗೇ ಹೋಗಿದೆಯೆನ್ನಬೇಕು. ಆದರೆ ಈ ಸಲ ಮರೆ ಇರುವುದು ವ್ಯಾಪಾರಿ ವ್ಯಾಪಾರಿಯ ನಡುವೆ, ರೈತನ ಕಣ್ಣಿಗಲ್ಲ. ಇದು ಸಣ್ಣ ಸುಧಾರಣೆಯಲ್ಲ. ಇದನ್ನು ಹೀಗಳೆಯುವವರು ಹಳೆಯ ಪೇಟೆಯನ್ನು ಕಂಡವರಲ್ಲ.

ಪ್ರಕಟವಾದ ದರ ಒಪ್ಪಿಗೆಯಾಗದಿದ್ದರೆ ತಿರಸ್ಕರಿಸುವ ಅಧಿಕಾರವನ್ನೂ ಈ ಪದ್ಧತಿ ರೈತನಿಗೆ ಕೊಟ್ಟಿದೆ. ನಮ್ಮ ಮನೆಯಲ್ಲಿ ಮೊಬೈಲಿಗೆ ಬಂದ ದರವನ್ನು ಓದಿ ಹೇಳುವ ಕೆಲಸ ನನ್ನದು. ಕಳೆದ ಸುಗ್ಗಿಯಲ್ಲಿ ಸೋಯಾಬಿನ್ನಿಗೆ ಬಂದ ದರವನ್ನು ಕೇಳಿ ಅಪ್ಪ ಬಹಳ ಹೊತ್ತು ಸುಮ್ಮನೆ ಕುಳಿತರು. “ಒಲ್ಲೆ ಅಂತ ಹೇಳೋಣೇನು?” ಎಂದೆ. “ಒಲ್ಲೆ ಅಂದು ಎಲ್ಲಿ ಒಯ್ಯೂದಪ್ಪಾ? ಬೀಜ ಗೊಬ್ಬರಕ್ಕ ರೊಕ್ಕ ಕೊಟ್ಟಾವ ಅಡತ್ಯಾನ. ಟೆಂಪೋ ಬಾಡಿಗೆ ಮತ್ತ ಯಾರು ಕೊಡ್ತಾರ?” ಎಂದರು. ಯಂತ್ರದಲ್ಲಿ ಎರಡು ದಾರಿಗಳಿದ್ದವು. ಅಪ್ಪನಿಗೆ ಇದ್ದುದು ಒಂದೇ.

ಅಂತರಜಾಲದ ಹರಾಜು ಹುಟ್ಟಿದುದೇ ಬೇರೆ ಬಗೆಯ ಮಾರುವವರಿಗಾಗಿ. 1995ರಲ್ಲಿ ಅಮೆರಿಕದ ಪಿಯರ್ ಒಮಿಡ್ಯಾರ್ ತೆರೆದ ಜಾಲತಾಣ, ಮುಂದೆ ‘ಈಬೇ’ ಎಂದು ಹೆಸರಾದುದು, ಮೊದಲು ಮಾರಿದ್ದು ಕೆಟ್ಟುಹೋದ ಒಂದು ಲೇಸರ್ ಕಡ್ಡಿಯನ್ನು, 14.83 ಡಾಲರಿಗೆ! ಅಲ್ಲಿ ಮಾರುವವನು ಇಷ್ಟಕ್ಕಿಂತ ಕಡಿಮೆಗೆ ಕೊಡೆನೆಂದು ಮೊದಲೇ ಗೊತ್ತುಪಡಿಸಬಹುದು. ಹರಾಜಿನ ಗೋಜೇ ಬೇಡವೆನ್ನುವವನಿಗೆ 2000ದಲ್ಲಿ ‘ಈಗಲೇ ಕೊಳ್ಳಿ’ ಎಂಬ ನಿಶ್ಚಿತ ಬೆಲೆಯ ಮಾರ್ಗವೂ ಬಂದಿತು. ಇಂದು ಅಲ್ಲಿಯ ಹೆಚ್ಚಿನ ವ್ಯಾಪಾರ ಆ ಮಾರ್ಗದಲ್ಲಿಯೇ ನಡೆಯುತ್ತದೆ. ನಮ್ಮ ದೇಶದಲ್ಲಿ ‘ಬಾಝೀ’ ಎಂಬ ತಾಣವನ್ನು 2004ರಲ್ಲಿ ಕೊಂಡು ಬಂದ ಆ ಸಂಸ್ಥೆಯ ಹೆಸರಿನ ಭಾರತದ ತಾಣ 2018ರಲ್ಲಿ ಮುಚ್ಚಿಹೋಯಿತು. ಅದಿರಲಿ. ಹಳೆಯ ಕ್ಯಾಮೆರಾ ಮಾರುವವನು ಅದನ್ನು ಕಪಾಟಿನಲ್ಲಿಟ್ಟು ವರ್ಷವಿಡೀ ಕಾಯಬಲ್ಲ. ಸೋಯಾಬಿನ್ ಬೆಳೆದವನಿಗೆ ದೀಪಾವಳಿಯೊಳಗೆ ಸಾಲ ತೀರಬೇಕು.

ಕಾಯಲಾರದವನ ಸಿಟ್ಟು ಎಲ್ಲಿಗೆ ಮುಟ್ಟುವುದೆಂಬುದಕ್ಕೆ ನಮ್ಮ ನಿಪ್ಪಾಣಿಯೇ ಸಾಕ್ಷಿ. 1981ರಲ್ಲಿ ಬೀಡಿ ತಂಬಾಕಿನ ಬೆಳೆಗಾರರು ಶರದ ಜೋಶಿಯವರ ಮುಂದಾಳುತನದಲ್ಲಿ ನ್ಯಾಯವಾದ ಬೆಲೆ ಕೇಳಿ ಪುಣೆ-ಬೆಂಗಳೂರು ಹೆದ್ದಾರಿಯಲ್ಲಿ ಕುಳಿತರು. ಗೋಲಿಬಾರಿನಲ್ಲಿ ರೈತರು ಪ್ರಾಣ ತೆತ್ತರು. ಆಗ ಯಂತ್ರವಿರಲಿಲ್ಲ ಎನ್ನುವಿರಾ? ಬ್ಯಾಡಗಿಯಲ್ಲಿ ಇ-ಟೆಂಡರ್ ಇತ್ತು. ಅಲ್ಲಿಯೂ 2024ರ ಮಾರ್ಚ್ 11ರಂದು ಮೆಣಸಿನಕಾಯಿಯ ದರ ಕುಸಿದುದಕ್ಕೆ ರೊಚ್ಚಿಗೆದ್ದ ರೈತರು ಮಾರುಕಟ್ಟೆಯ ಕಚೇರಿಗೂ ವಾಹನಗಳಿಗೂ ಬೆಂಕಿಯಿಟ್ಟರು. ಆ ಬೆಂಕಿಯನ್ನು ನಾನು ಸಮರ್ಥಿಸುವುದಿಲ್ಲ. ಅದು ಯಂತ್ರದ ತಪ್ಪೆಂದೂ ಹೇಳುವುದಿಲ್ಲ.

ಹೊಸ ಯಂತ್ರ ಬೇಡ. ಇದ್ದ ಯಂತ್ರದ ಮಗ್ಗುಲಲ್ಲಿ ಒಂದು ಗೋದಾಮು ಬೇಕು. ‘ಒಲ್ಲೆ’ ಎಂದ ಮಾಲು ಅದೇ ಸಂಜೆ ಅಲ್ಲಿ ಸೇರಬೇಕು, ಅದರ ಮೇಲೆ ಅಡಮಾನದ ಸಾಲ ರೈತನ ಖಾತೆಗೆ ಬರಬೇಕು. ಅಡಮಾನ ಸಾಲ ಹೊಸ ಮಾತಲ್ಲ. 2017ರಿಂದ ಉಗ್ರಾಣದ ರಸೀದಿಯೂ ವಿದ್ಯುನ್ಮಾನ ರೂಪಕ್ಕೆ ಬಂದಿದೆ. ಆದರೆ ಇವೆಲ್ಲ ಬೇರೆ ಬೇರೆ ಬಾಗಿಲುಗಳಾಗಿವೆ. ಒಂದೊಂದಕ್ಕೂ ರೈತನು ಒಂದೊಂದು ದಿನದ ಕೂಲಿ ಬಿಟ್ಟು ತಿರುಗಬೇಕು. ಅವನ್ನು ಟೆಂಡರಿನ ಪರದೆಯ ಮೇಲೆಯೇ, ‘ತಿರಸ್ಕಾರ’ದ ಪಕ್ಕದಲ್ಲಿ, ಜೋಡಿಸಿ ಕೊಡುವುದು ಕಷ್ಟದ ಕೆಲಸವೆ?

ಒಣಗಿದ ಸೋಯಾಬಿನ್, ಗೋವಿನಜೋಳಗಳಿಗೆ ಇಷ್ಟು ಸಾಕು. ಬೆಲ್ಲದ ಮಾತು ಬೇರೆ; ಮಳೆಗಾಲದ ತೇವಕ್ಕೆ ಪೆಂಟಿ ನೀರೊಡೆಯುತ್ತದೆ, ಅದಕ್ಕೆ ಶೀತಗೃಹವೇ ಆಗಬೇಕು. ಒಣದ್ರಾಕ್ಷಿಗೂ ಹಾಗೆಯೇ. ಅಥಣಿಯ ಬೆಳೆಗಾರರು ಅದನ್ನು ಸಾಂಗಲಿ, ತಾಸಗಾಂವಗಳಿಗೆ ಒಯ್ಯುವುದಕ್ಕೆ ಅಲ್ಲಿಯ ಶೀತಗೃಹಗಳೂ ಒಂದು ಕಾರಣ.