ಕೆಟಮಿನ್ ರೀಲ್ ಶೇರ್ ಮಾಡೋ ಮುಂಚೆ

1/4
"ಬೈಪೋಲಾರ್‌ಗೆ ಹೊಸ ಮದ್ದು! ಒಂದು ಡೋಸ್ ಸಾಕು!" ದೋಸ್ತ್ರ, ಈ ಥರದ ರೀಲ್ ನಿಮಗೂ ಬಂದಿರ್ತೈತಿ. ಹಾರ್ಟ್ ಒತ್ತೋ ಮುಂಚೆ ಇದನ್ನ ಓದ್ರಿ.
ಕೆಟಮಿನ್ ಹೊಸದಲ್ಲ. ಅಮೆರಿಕದಲ್ಲಿ 1970ರಲ್ಲೇ ಅರಿವಳಿಕೆಯಾಗಿ ಒಪ್ಪಿಗೆ ಸಿಕ್ಕಿತ್ತು. 2010ರಲ್ಲಿ ಅಲ್ಲಿ 18 ಬೈಪೋಲಾರ್ ರೋಗಿಗಳ ಮೇಲಿನ ಪ್ರಯೋಗ ಪ್ರಕಟವಾಯ್ತು: 40 ನಿಮಿಷದಲ್ಲಿ ಖಿನ್ನತೆ ಇಳಿದಿತ್ತು. ಖರೇನ ದೊಡ್ಡ ಸುದ್ದಿ. ಆದ್ರ ರೀಲ್‌ನವರು ಎರಡು ಮಾತು ನುಂಗ್ಯಾರ. ಪರಿಣಾಮ ಉಳಿದಿದ್ದು ಸುಮಾರು ಮೂರು ದಿನ. ಮತ್ತ ಅವರೆಲ್ಲ ಲಿಥಿಯಂ ಇಲ್ಲವೇ ವಾಲ್ಪ್ರೊಯೇಟ್ ಗುಳಿಗೆ ಬಿಡದೇ ತಗೊಳ್ತಿದ್ರು.

2/4
ಆ ಲಿಥಿಯಂ ಬಗ್ಗೆ ರೀಲ್ ಯಾಕಿಲ್ಲ? 1949ರಲ್ಲಿ ಆಸ್ಟ್ರೇಲಿಯಾದ ವೈದ್ಯ ಜಾನ್ ಕೇಡ್ ಅದರಿಂದ ಉನ್ಮಾದ ಇಳಿಸಿ ತೋರಿಸಿದರು. ಇವತ್ತಿಗೂ ಬೈಪೋಲಾರ್‌ಗೆ ಮುಖ್ಯ ಗುಳಿಗೆ ಅದೇ. ಪೇಟೆಂಟ್ ಇಲ್ಲ, ಅಗ್ಗ. ಬಿ.ಕಾಂ. ಓದೋರಿಗೆ ಬಿಡಿಸಿ ಹೇಳಬೇಕೇನು, ಲಾಭ ಇಲ್ಲದ ಮಾಲಿಗೆ ಯಾರು ಪ್ರಚಾರ ಮಾಡ್ತಾರ?
ಆದರೆ ರಕ್ತದಲ್ಲಿ ಅದರ ಮಟ್ಟವನ್ನು ಆಗಾಗ ಪರೀಕ್ಷಿಸಲೇಬೇಕು. ಏರಿದ್ರ ವಿಷ. ಬ್ಯಾಸಗಿಯೊಳಗ ಹೊಲದಾಗ ಬೆವರು ಸುರಿಸಿ ಮೈಯಲ್ಲಿ ನೀರು ಕಡಿಮೆಯಾದೋರಿಗೆ ಆ ಅಪಾಯ ಜಾಸ್ತಿ.

3/4
ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು: ನಿಮ್ಮದು ಯಾವ ತಾಲ್ಲೂಕೇ ಇರಲಿ, ಸರ್ಕಾರಿ ಆಸ್ಪತ್ರೆಗೆ ಹೋಗಿ ಎರಡು ಪ್ರಶ್ನೆ ಕೇಳ್ರಿ. ಮನೋಚೈತನ್ಯ ಯೋಜನೆಯ ಮಂಗಳವಾರದ ಕ್ಲಿನಿಕ್‌ಗೆ ಮನೋವೈದ್ಯರು ತಪ್ಪದೇ ಬರ್ತಾರೇನು? ಲಿಥಿಯಂ ಮಟ್ಟದ ಪರೀಕ್ಷೆ ಇಲ್ಲೇ ಆಗ್ತೈತೇನು?
ಇಲ್ಲ ಅಂದ್ರ, ಕೂಲಿ ಬಿಟ್ಟು ಧಾರವಾಡದ ಡಿಮ್ಹಾನ್ಸ್‌ಗೆ ಬಸ್ ಹತ್ತಬೇಕು. ಎರಡು ಸಲ ಹೋಗ್ತಾರ, ಮೂರನೇ ಸಲ ಗುಳಿಗೆನೇ ಬಿಡ್ತಾರ. ರೋಗ ಮರಳಿದ ಮೇಲೆ ನಾವು "ತಲಿ ಕೆಟ್ಟೈತಿ" ಅಂತ ಆಡ್ಕೊಂಡು ನಗ್ತೀವಿ.

4/4
"ಹಂಗಾದ್ರ ಹೊಸ ಸಂಶೋಧನೆ ಬ್ಯಾಡೇನು?" ಬೇಕು. ಹಳೇ ಗುಳಿಗೆ ನಾಟದವರಿಗೆ ಕೆಟಮಿನ್ ಮುಂದೆ ಆಸರೆ ಆಗಬಹುದು. ಆದ್ರ ಅದನ್ನ ಕೊಡುವಾಗ ಬಿಪಿ, ಉಸಿರಾಟ ನೋಡ್ಕೊಂಡು ಕೂರೋ ವೈದ್ಯರು ಬೇಕು, ಚಟ ಹತ್ತದಂಗ ಕಾಯಬೇಕು. ಒಂದು ರಕ್ತಪರೀಕ್ಷೆಗೆ ಊರು ದಾಟಬೇಕಾದ ಕಡೆ ಅದನ್ನ ಯಾರು ಕಾಯ್ತಾರ?
2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆಯನ್ನ ಹಕ್ಕು ಅಂತೈತಿ. ಮನೋರೋಗಕ್ಕೂ ದೇಹದ ರೋಗದಂತೆಯೇ ವಿಮೆ ಕೊಡಬೇಕು ಅಂತೈತಿ. ಹಕ್ಕನ್ನ ಕೇಳಬೇಕು, ಪವಾಡಕ್ಕ ಕಾಯಬಾರದು.
ರೀಲ್ ಬದಲು ಈ ನಂಬರ್ ಶೇರ್ ಮಾಡ್ರಿ: ಟೆಲಿ ಮಾನಸ್, 14416. ಹಗಲು-ರಾತ್ರಿ, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಗುಳಿಗೆ ತಗೊಳ್ಳೋ ಗೆಳೆಯ ಇದ್ರ ಡಾಕ್ಟರ್‌ನ ಕೇಳದೇ ಬಿಡಬ್ಯಾಡ ಅಂತ ಹೇಳ್ರಿ. ಮುಂದಿನ ಮಂಗಳವಾರ ಅವನ ಜೊತಿ ನೀವೂ ಆಸ್ಪತ್ರೆಗೆ ಹೋಗ್ರಿ.